ಅವತ್ತು ಹೇಳಬಾರದಿದ್ದ ಥ್ಯಾಂಕ್ಸ್

ಮೊದಲ ಪ್ರದರ್ಶನ ಮುಗಿಯಿತು. ಅವತ್ತು ಸಂಜೆ ನನ್ನ ಕೈ ಹಿಡಿದವರು ಎಷ್ಟೋ ಜನ. ಒಬ್ಬರಿಗೂ ನಾನು ಥ್ಯಾಂಕ್ಸ್ ಹೇಳಲಿಲ್ಲ. ಸೊಕ್ಕಿನಿಂದಲ್ಲ, ಹೇಳುವ ಹಾಗಿರಲಿಲ್ಲ. ಜರ್ಮನಿಯ ರಂಗಮಂದಿರಗಳಲ್ಲಿ ಮೊದಲ ದಿನ ಪರದೆ ಏಳುವ ಮುಂಚೆ ಒಬ್ಬರು ಇನ್ನೊಬ್ಬರ ಎಡ ಹೆಗಲ ಹತ್ತಿರ ಮುಖ ತಂದು "ತೊಯ್ ತೊಯ್ ತೊಯ್" ಅನ್ನುತ್ತಾರೆ. ಮೂರು ಸಲ ಉಗಿದ ಹಾಗೆ. ನಮ್ಮಲ್ಲಿ ದೃಷ್ಟಿ ತೆಗೆದು ಥೂ ಥೂ ಥೂ ಅಂತ ಉಗಿಸುವುದಿಲ್ವಾ, ಹೆಚ್ಚುಕಮ್ಮಿ ಅದೇ. ಅದಕ್ಕೆ ನೀವು "ಡಾಂಕೆ" ಅಂದುಬಿಟ್ಟರೆ ಹಾರೈಕೆ ಎಲ್ಲ ಕೆಟ್ಟಿತು ಅಂತ ನಂಬಿಕೆ. ಸುಮ್ನೆ ತಲೆಯಾಡಿಸಬೇಕು. ನಾನೂ ತಲೆಯಾಡಿಸಿದೆ. ಬಾಕಿ ಹಾಗೇ ಉಳಿದಿದೆ, ಈಗ ತೀರಿಸುತ್ತೇನೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಜರ್ಮನಿಯಲ್ಲಿ ನಾವಿರುವ ಊರಿನ ಆಪೆರಾ ಮನೆಯಲ್ಲಿ (ಆಪೆರಾ ಅಂದರೆ ಹಾಡಿಕೊಂಡೇ ಆಡುವ ನಾಟಕ) ಈ ಸಲದ ಹೊಸ ಪ್ರಯೋಗ ಫ್ರೆಂಚ್ ಸಂಗೀತಗಾರ ಜಾರ್ಜ್ ಬಿಝೆಯ 'ಕಾರ್ಮೆನ್'. ಅದರ ಮೊದಲ ಅಂಕದಲ್ಲಿ ಮಕ್ಕಳ ಒಂದು ಗುಂಪು ಸೈನಿಕರ ಹಿಂದೆ ಮೆರವಣಿಗೆ ಮಾಡಿಕೊಂಡು ಹಾಡುತ್ತದೆ. ನನ್ನ ಮಗಳು ಆ ಗುಂಪಿಗೆ ಸೇರಿದಳು. ಅವಳನ್ನು ಕರೆದುಕೊಂಡು ಹೋಗಿ ಹೊರಗಿನ ಬೆಂಚಿನ ಮೇಲೆ ಕೂತು ಯಾವುದೋ ವರ್ಣ ಗುನುಗುತ್ತಿದ್ದೆ. ಕೋರಸ್ಸಿನ ಮೇಷ್ಟ್ರು ಬಾಗಿಲು ತೆಗೆದು, "ನೀವು ಹಾಡ್ತೀರಾ?" ಅಂತ ಕೇಳಿದರು. ಇಲ್ಲಿನ ಆಪೆರಾಗಳಲ್ಲಿ ಸಂಬಳದ ಕೋರಸ್ ಒಂದು ಇರುತ್ತದೆ. ದೊಡ್ಡ ಪ್ರಯೋಗಕ್ಕೆ ಅದು ಸಾಲದು. ಆಗ ಊರಿನವರನ್ನೇ ಆರಿಸಿ ಸೇರಿಸಿಕೊಳ್ಳುತ್ತಾರೆ. ಎಕ್ಸ್‌ಟ್ರಾ ಕೋರಸ್ ಅಂತ ಹೆಸರು. ದಂತವೈದ್ಯರು, ಟ್ರಾಮ್ ಓಡಿಸುವವರು, ನಿವೃತ್ತ ಟೀಚರು, ಈಗ ನಾನು.

ಮೊದಲ ಥ್ಯಾಂಕ್ಸ್ ಆ ಮೇಷ್ಟ್ರಿಗೇ. ಕರ್ನಾಟಕ ಸಂಗೀತ ಕಲಿತ ಗಂಟಲು ಒಂದು ಸ್ವರದ ಮೇಲೆ ಅಲುಗದೆ ನಿಲ್ಲುವುದು ಎಷ್ಟು ಕಷ್ಟ ಅಂತ ಕಲಿತವರಿಗೆ ಗೊತ್ತು. ಗಾಂಧಾರ ಅಂದ ತಕ್ಷಣ ಅದು ತಾನೇ ತೂಗಾಡುತ್ತದೆ. ಇನ್ನು ಕಥೆಯ ನಾಯಕಿ ಕಾರ್ಮೆನ್‌ಳ ಆ ಪ್ರಸಿದ್ಧ ಹಾಡು, ಹಬನೇರಾ, ಮೆಟ್ಟಿಲು ಮೆಟ್ಟಿಲಾಗಿ ಅರ್ಧರ್ಧ ಸ್ವರವೇ ಇಳಿಯುತ್ತದೆ. ನಮ್ಮ ಕಿವಿಗೆ ಅದು ಯಾವ ರಾಗಕ್ಕೂ ಸೇರದ ವ್ಯವಹಾರ. ಅದನ್ನೇ ಕೋರಸ್ ಅವಳ ಹಿಂದೆ ಹಾಡಬೇಕು. ಮೇಷ್ಟ್ರು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಕಡೆ ನೋಡಿ ಅಂಗೈಯನ್ನು ಮೇಜಿನ ಹಾಗೆ ಸಪಾಟಾಗಿ ಹಿಡಿಯುತ್ತಿದ್ದರು, ಅಷ್ಟೆ. ನಾನು ತೊಡೆಯ ಮೇಲೆ ಬೆರಳು ಮಡಚಿ ತಾಳ ಹಾಕುವುದನ್ನು ನೋಡಿ, ಅದು ಮಾತ್ರ ಬಿಡಬೇಡಿ ಅಂದರು. ಈಗ ಪಕ್ಕದಲ್ಲಿ ಆಲ್ಟೋ, ಅಂದರೆ ಹೆಂಗಸರ ತಗ್ಗಿನ ದನಿ, ಹಾಡುವವರೂ ಬೆರಳು ಮಡಚುತ್ತಾರೆ.

ಹಾಡೆಲ್ಲ ಫ್ರೆಂಚಿನಲ್ಲಿ. ನನ್ನ ಪುಸ್ತಕದಲ್ಲಿ ಸ್ವರಗಳ ಕೆಳಗೆ ಪೂರ್ತಿ ಕನ್ನಡ ಅಕ್ಷರ. ಸಿಗರೇಟು ಕಾರ್ಖಾನೆಯ ಹೆಂಗಸರು ಹೊಗೆ ನೋಡುತ್ತ ನಿಧಾನಕ್ಕೆ ಹಾಡುವ ಹಾಡು ಸಲೀಸಾಗಿ ಬಂತು. ತೊಂದರೆ ಕೊಟ್ಟಿದ್ದು ಅದರ ನಂತರದ ಜಗಳ. ಕಾರ್ಖಾನೆಯೊಳಗೆ ಹೊಡೆದಾಟವಾಗಿ ಹೆಂಗಸರೆಲ್ಲ ಕಿರುಚುತ್ತ ಹೊರಗೆ ಓಡಿ ಬರುತ್ತಾರೆ. ಅರ್ಧ ಜನ "ಶುರು ಮಾಡಿದ್ದು ಕಾರ್ಮೆನ್" ಅನ್ನಬೇಕು, ಉಳಿದರ್ಧ "ಅಲ್ಲ, ಅವಳಲ್ಲ" ಅನ್ನಬೇಕು. ನಾನು ಅವಳಲ್ಲ ಪಾರ್ಟಿ. ಓಡುತ್ತ, ತಳ್ಳಾಡುತ್ತ, ಉಸಿರು ಹಿಡಿದು, ಬಾಯಿ ತುಂಬಾ ಫ್ರೆಂಚ್. 1875ರ ಮಾರ್ಚ್ 3ರಂದು ಪ್ಯಾರಿಸ್ಸಿನ ಒಪೆರಾ ಕೊಮಿಕ್‌ನಲ್ಲಿ ಇದು ಮೊದಲು ರಂಗಕ್ಕೆ ಬಂದಾಗ ಅಲ್ಲಿನ ಕೋರಸ್ಸಿನವರು ಇದೇ ಜಾಗದ ಬಗ್ಗೆ ಗಲಾಟೆ ಎಬ್ಬಿಸಿದ್ದರಂತೆ. ಸಾಲಾಗಿ ನಿಂತು ಹಾಡಿ ಅಭ್ಯಾಸ ಇದ್ದವರಿಗೆ ಸಿಗರೇಟು ಹಿಡಿ, ಓಡು, ಜಗಳ ಆಡು, ಹಾಡು ಅಂದರೆ? ಹಾಡೋಕೇ ಆಗಲ್ಲ ಅಂದುಬಿಟ್ಟರು. ನನಗೆ ಅವರ ಮೇಲೆ ಪೂರ್ತಿ ಸಹಾನುಭೂತಿ ಇದೆ.

ಪ್ಯಾರಿಸ್ಸಿನ ಆ ಮೊದಲ ಪ್ರದರ್ಶನ ಜನರಿಗೆ ಹಿಡಿಸಲಿಲ್ಲ. ಸರಿಯಾಗಿ ಮೂರು ತಿಂಗಳಿಗೆ, ಜೂನ್ 3ಕ್ಕೆ, ಬಿಝೆ ತೀರಿಕೊಂಡ. ಆಗ 36 ವರ್ಷ. ಸ್ಪೇನಿನ ಕಥೆ ಬರೆದವನು ಸ್ಪೇನಿಗೆ ಕಾಲೇ ಇಟ್ಟಿರಲಿಲ್ಲ. ಈ ಆಪೆರಾ ಜಗತ್ತೆಲ್ಲ ಸುತ್ತಿದ್ದನ್ನೂ ನೋಡಲಿಲ್ಲ. ಪಾಪ ಅನ್ನಿಸುತ್ತದೆ.

ಜಗಳದ ಹಾಡಿನಲ್ಲಿ ನನ್ನನ್ನು ದಡ ಸೇರಿಸಿದ್ದು ಪ್ರಾಂಪ್ಟರ್. ನಮ್ಮ ಕಂಪನಿ ನಾಟಕಗಳಲ್ಲಿ ಸೈಡ್‌ವಿಂಗಿನಿಂದ ಮಾತು ಎತ್ತಿಕೊಡುತ್ತಿದ್ದರಲ್ಲ, ಅದೇ ಕೆಲಸ. ಇಲ್ಲಿ ವೇದಿಕೆಯ ಮುಂದೆ ನೆಲದಲ್ಲೇ ಒಂದು ಗೂಡು. ಅದರೊಳಗೆ ಕೂತು, ಪ್ರತಿ ಸಾಲಿನ ಮೊದಲ ಪದವನ್ನು ಒಂದು ಕ್ಷಣ ಮುಂಚೆ ತುಟಿಯಲ್ಲಿ ಕೊಡುತ್ತಾರೆ. ಸಭೆಗೆ ಅವರ ತಲೆ ಸಹ ಕಾಣುವುದಿಲ್ಲ. ಎಕ್ಸ್‌ಟ್ರಾ ಕೋರಸ್ಸಿನ ಹಿಂದಿನ ಸಾಲಿನವರ ಮೇಲೆ ಕಣ್ಣಿಡುವುದು ಅವರ ಕೆಲಸವೇ ಅಲ್ಲ. ಆದರೂ ನನ್ನ ಸರದಿಗೆ ಸರಿಯಾಗಿ ಅವರ ಹುಬ್ಬು ಮೇಲೆ ಹೋಗುತ್ತಿತ್ತು.

ಇನ್ನು ನಮ್ಮ ಮೊದಲ ಪ್ರದರ್ಶನದ ದಿನ ಬೆಳಿಗ್ಗೆ ನಡೆದದ್ದು. ಕಾರ್ಮೆನ್ ಹಿಂದೆ ಬಿದ್ದ ಸೈನಿಕನನ್ನು ಅವನ ಊರಿನಿಂದ ಹುಡುಕಿಕೊಂಡು ಬರುವ ಹುಡುಗಿ ಮಿಕಾಯೆಲಾ. ಆ ಪಾತ್ರದವರಿಗೆ ಧ್ವನಿ ಹೋಗಿತ್ತು. ಪೂರ್ತಿ. ಫೋನ್ ತೆಗೆದರೆ ಗಾಳಿ ಮಾತ್ರ ಬರುತ್ತಿತ್ತಂತೆ. ಟಿಕೆಟ್ ಎಲ್ಲ ಖಾಲಿ, ಸಂಜೆ 7.30ಕ್ಕೆ ಶುರು. ಆಫೀಸಿನಲ್ಲಿ ಕೂತ ಹೆಣ್ಣುಮಗಳು ಒಂದೊಂದೇ ಏಜೆನ್ಸಿಗೆ, ಒಂದೊಂದೇ ಊರಿಗೆ ಫೋನ್ ಮಾಡುತ್ತ ಹೋದರು. ಈ ದೇಶದಲ್ಲಿ ಎಂಬತ್ತರ ಹತ್ತಿರ ಆಪೆರಾ ಮನೆಗಳಿರುವುದು ಇಂಥ ದಿನಕ್ಕೆ ಉಪಯೋಗಕ್ಕೆ ಬರುತ್ತದೆ. ಕೊನೆಗೆ ಸಿಕ್ಕವರು ಕೇಳಿದ ಮೊದಲ ಪ್ರಶ್ನೆ ದುಡ್ಡಿನದ್ದಲ್ಲ. "ನಿಮ್ಮದು ಮಾತಿನ ಕಾರ್ಮೆನ್ನೋ, ಹಾಡಿನ ಕಾರ್ಮೆನ್ನೋ?" ಬಿಝೆ ಬರೆದದ್ದರಲ್ಲಿ ಹಾಡುಗಳ ನಡುವೆ ಮಾತಿದೆ. ಅವನು ತೀರಿಕೊಂಡ ಮೇಲೆ ಅದೇ ವರ್ಷ ವಿಯೆನ್ನಾ ಪ್ರದರ್ಶನಕ್ಕಾಗಿ ಅವನ ಗೆಳೆಯ ಅರ್ನೆಸ್ಟ್ ಗಿರೋ ಆ ಮಾತುಗಳಿಗೂ ಸಂಗೀತ ಹಾಕಿದ. ನಮ್ಮದು ಗಿರೋ ಮಾಡಿದ್ದು. ಅವರಿಗೆ ಬರುತ್ತಿದ್ದದ್ದೂ ಅದೇ. ರೈಲು ಹತ್ತಿದರು.

ಮಧ್ಯಾಹ್ನ ನಾಲ್ಕಕ್ಕೆ ಬಂದು, ಪಿಯಾನೋ ಪಕ್ಕ ನಿಂತು, ವಾದ್ಯವೃಂದ ನಡೆಸುವ ಕಂಡಕ್ಟರ್ ಜೊತೆ ಒಂದು ಸಲ ನೋಡಿಕೊಂಡರು. ಅಷ್ಟು ಹೊತ್ತಿನಲ್ಲಿ ನಡೆ, ತಿರುಗುವ ಜಾಗ, ಬೆಳಕು ಎಲ್ಲ ಕಲಿಯುವುದು ಆಗದ ಮಾತು. ಅದಕ್ಕೆ ಇಲ್ಲಿ ಒಂದು ಉಪಾಯ ಇದೆ. ಧ್ವನಿ ಹೋದವರು ವೇದಿಕೆ ಮೇಲೆ ತುಟಿ ಆಡಿಸಿ ನಟಿಸುತ್ತಾರೆ, ಬಂದವರು ಪಕ್ಕದಲ್ಲಿ ಪುಸ್ತಕದ ಸ್ಟ್ಯಾಂಡ್ ಇಟ್ಟುಕೊಂಡು ಕಪ್ಪು ಬಟ್ಟೆಯಲ್ಲಿ ನಿಂತು ಹಾಡುತ್ತಾರೆ. ನಮ್ಮ ಯಕ್ಷಗಾನದ ಭಾಗವತರನ್ನು ಕಂಡ ನನಗೆ ಇದು ಅಂಥ ವಿಚಿತ್ರ ಅನ್ನಿಸಲಿಲ್ಲ.

ಮೂರನೇ ಅಂಕದಲ್ಲಿ ಕೊಂಬುವಾದ್ಯಗಳು ಮೆಲ್ಲಗೆ ಶುರುವಾಗಿ ಮಿಕಾಯೆಲಾ ಒಬ್ಬಳೇ ಬೆಟ್ಟದ ಮೇಲೆ ಬರುತ್ತಾಳೆ. ನನಗೆ ಯಾವುದರ ಭಯವೂ ಇಲ್ಲ ಅಂತ ಹಾಡುತ್ತಾಳೆ, ಒಳಗೊಳಗೆ ನಡುಗುತ್ತಲೇ. ನಾನು ಸೈಡ್‌ವಿಂಗಿನಲ್ಲಿ, ಬಂದವರ ಬೆನ್ನ ಹಿಂದೆ ನಿಂತಿದ್ದೆ. ಅವರ ಎಡಗೈ ಸ್ಟ್ಯಾಂಡಿನ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು, ಉಗುರೆಲ್ಲ ಬೆಳ್ಳಗಾಗಿತ್ತು. ಕಣ್ಣು ಪುಸ್ತಕದ ಮೇಲಿರಲಿಲ್ಲ, ವೇದಿಕೆಯ ಮೇಲಿನ ಮಿಕಾಯೆಲಾಳ ಎದೆಯ ಮೇಲಿತ್ತು. ಅವಳು ಉಸಿರು ತೆಗೆದಾಗ ಇವರೂ ತೆಗೆಯುತ್ತಿದ್ದರು. ಹಾಡು ಮುಗಿದು ಚಪ್ಪಾಳೆ ಬಿದ್ದಾಗ ವೇದಿಕೆಯ ಮೇಲಿದ್ದವರು ತಲೆ ಬಾಗಿಸಲಿಲ್ಲ. ಕೈ ಚಾಚಿ ಪಕ್ಕದವರನ್ನು ತೋರಿಸಿದರು. ಚಪ್ಪಾಳೆ ಜಾಸ್ತಿಯಾಯಿತು. ಇಬ್ಬರಿಗೂ ನನ್ನ ನಮಸ್ಕಾರ. ಬಂದವರು ಪಾರ್ಟಿಗೂ ನಿಲ್ಲದೆ ರಾತ್ರಿಯ ರೈಲಿಗೆ ಹೊರಟರು. ಮಾರನೇ ದಿನ ಬೇರೆ ಊರಿನಲ್ಲಿ ರಿಹರ್ಸಲ್ ಇತ್ತಂತೆ.

ಬಟ್ಟೆ ಹಾಕಿಸುವ ಅಕ್ಕನ ಬಗ್ಗೆ ಎಷ್ಟು ಬರೆದರೂ ಸಾಲದು. ಅವರ ಊರು ಪೋಲೆಂಡ್. ನನ್ನ ಕಾರ್ಖಾನೆ ರವಿಕೆ ಹೊಸದಲ್ಲ, ಉಗ್ರಾಣದ್ದು. ಕುತ್ತಿಗೆಯ ಒಳಗೆ ಬಿಳಿ ಪಟ್ಟಿಯ ಮೇಲೆ ಹಿಂದೆ ಹಾಕಿದವರ ಹೆಸರುಗಳು ಒಂದರ ಕೆಳಗೊಂದು, ಗೆರೆ ಎಳೆದು ಹೊಡೆದದ್ದು. ಕೊನೆಯಲ್ಲಿ ನನ್ನದು. ಶುರುವಾಗಲು ಹತ್ತು ನಿಮಿಷ ಇರುವಾಗ ಬೆನ್ನಿನ ಕೊಕ್ಕೆ ಕಿತ್ತು ಬಂತು. ಬಿಚ್ಚಿಸುವಷ್ಟು ಹೊತ್ತಿಲ್ಲ. ಮೈಮೇಲೇ ಹೊಲಿಯಲು ಶುರು ಮಾಡಿದರು. ಅದಕ್ಕೆ ಮುಂಚೆ ಒಂದು ತುಂಡು ದಾರ ಕತ್ತರಿಸಿ ನನ್ನ ಬಾಯಿಗಿಟ್ಟು, "ಕಚ್ಚಿಕೊಂಡಿರಿ, ಮೈಮೇಲೆ ಹೊಲಿದರೆ ಒಳ್ಳೆಯದಲ್ಲ" ಅಂದರು. ನಮ್ಮಜ್ಜಿಯೂ ಮೈಮೇಲಿನ ಬಟ್ಟೆಗೆ ಸೂಜಿ ಹಾಕಲು ಬಿಡುತ್ತಿರಲಿಲ್ಲ. ಬಾಯಲ್ಲಿ ದಾರ, ಸ್ಪೀಕರಿನಲ್ಲಿ "ಕೋರಸ್ಸಿನ ಮಹಿಳೆಯರು ದಯವಿಟ್ಟು ವೇದಿಕೆಗೆ" ಅಂತ ಕರೆ. ಆ ಕರೆಯ ಧ್ವನಿಗೂ ಥ್ಯಾಂಕ್ಸ್. ಇಡೀ ಪ್ರದರ್ಶನದ ಬೆಳಕು, ಪರದೆ, ಪ್ರವೇಶ ಎಲ್ಲ ಆ ಒಬ್ಬ ಹೆಂಗಸಿನ ಬೆರಳ ತುದಿಯಲ್ಲಿ. ಮೂರು ಗಂಟೆಯಲ್ಲಿ ಒಮ್ಮೆಯೂ ದನಿ ಏರಲಿಲ್ಲ.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಗ್ನಿಶಾಮಕದವರಿಗೂ. 1881ರ ಡಿಸೆಂಬರಿನಲ್ಲಿ ವಿಯೆನ್ನಾದ ರಿಂಗ್ ಥಿಯೇಟರ್ ಸುಟ್ಟು ನೂರಾರು ಜನ ಸತ್ತ ಮೇಲೆ ಈ ಕಡೆಯ ರಂಗಮಂದಿರಗಳಲ್ಲಿ ಕಬ್ಬಿಣದ ಪರದೆ, ಬೆಂಕಿ ಕಾವಲು ಎಲ್ಲ ಬಿಗಿಯಾಯಿತು. ಅವರು ಅದೆಷ್ಟು ಕಾರ್ಮೆನ್ ನೋಡಿದ್ದಾರೋ. ಜಗಳದ ಹಾಡು ಮುಗಿಸಿ ಏದುಸಿರು ಬಿಡುತ್ತ ಒಳಗೆ ಬಂದಾಗ ಹೆಬ್ಬೆರಳು ಎತ್ತಿ ತೋರಿಸಿದರು.

ಮಗಳ ಕ್ಲಾಸ್ ಟೀಚರ್‌ಗೆ. ಇಲ್ಲಿ ಮಕ್ಕಳು ವೇದಿಕೆ ಹತ್ತಬೇಕಾದರೆ ಶಾಲೆಯ ಒಪ್ಪಿಗೆ, ಡಾಕ್ಟರ್ ಪತ್ರ ಎಲ್ಲ ಬೇಕು. ರಾತ್ರಿ 11ರ ನಂತರ ಮಕ್ಕಳು ಕೆಲಸದಲ್ಲಿ ಇರುವ ಹಾಗಿಲ್ಲ ಅಂತ ಕಾನೂನು. ಟೀಚರು ಸಹಿ ಹಾಕಿದ್ದೂ ಅಲ್ಲದೆ ಟಿಕೆಟ್ ತೆಗೆದುಕೊಂಡು ಬಂದು ನೋಡಿದರು.

ಮೈಸೂರಿನಲ್ಲಿರುವ ನನ್ನ ಸಂಗೀತದ ಟೀಚರಮ್ಮನಿಗೆ. ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ. "ತಂಬೂರಿ ಇಲ್ವೇನೇ? ಮತ್ತೆ ಶ್ರುತಿ ಯಾರು ಕೊಡ್ತಾರೆ?" ಓಬೋ ಅಂತ ಒಂದು ವಾದ್ಯ ಮೊದಲು ಸ್ವರ ಹಿಡಿಯುತ್ತದೆ, ಅದಕ್ಕೆ ಎಲ್ಲರೂ ಸೇರಿಸಿಕೊಳ್ಳುತ್ತಾರೆ ಅಂದೆ. "ಒಂದು ಸಲ ಕೊಟ್ಟು ಸುಮ್ನಾಗಿಬಿಡ್ತಾರಾ!" ಅಂತ ಅವರಿಗೆ ಇನ್ನೂ ಆಶ್ಚರ್ಯ.

ಅತ್ತೆಯವರು ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ವೀಸಾದ ಮೂರು ತಿಂಗಳನ್ನು ಊರು ಸುತ್ತದೆ ನಮ್ಮ ಚಿಕ್ಕವನನ್ನು ನೋಡಿಕೊಳ್ಳುವುದರಲ್ಲಿ ಕಳೆದರು. ರಿಹರ್ಸಲ್ ರಾತ್ರಿ ಹತ್ತರವರೆಗೆ ಇರುತ್ತಿತ್ತು. ಬಂದಾಗ ಬಿಸಿ ಸಾರು ಇರುತ್ತಿತ್ತು. ಮೊದಲ ಪ್ರದರ್ಶನಕ್ಕೆ ಬಾಲ್ಕನಿಯಲ್ಲಿ ಕೂತು ಕೊನೆಯವರೆಗೂ ನೋಡಿದರು. ಕೊನೆಯಲ್ಲಿ ಗೂಳಿ ಕಾಳಗದ ಅಖಾಡದ ಹೊರಗೆ ಆ ಸೈನಿಕ, ತನ್ನನ್ನು ಬೇಡ ಅಂದ ಕಾರ್ಮೆನ್ನನ್ನು ಚಾಕು ಹಾಕಿ ಕೊಲ್ಲುತ್ತಾನೆ. ಅತ್ತೆಯವರ ವಿಮರ್ಶೆ: "ಬೇಡ ಅಂದ್ಲು. ಬಿಟ್ಟು ಹೋಗಬೇಕಪ್ಪ. ಚಾಕು ಯಾಕೆ ತೆಗೀಬೇಕು?" ಪತ್ರಿಕೆಯಲ್ಲಿ ಬಂದ ಉದ್ದನೆಯ ವಿಮರ್ಶೆಗಿಂತ ನನಗೆ ಇದು ಹಿಡಿಸಿತು.

ನಮ್ಮ ಕನ್ನಡ ಬಳಗದವರೇ, ರೇಷ್ಮೆ ಸೀರೆ ಉಟ್ಟು ಆ ಚಳಿಯಲ್ಲಿ ಬಂದಿರಲ್ಲ, ವೇದಿಕೆಯಿಂದಲೇ ಕಂಡಿರಿ. ಕೊನೆಯಲ್ಲಿ ನಿರ್ದೇಶಕರು ಬಂದಾಗ "ಬೂ" ಅಂತ ಕೂಗಿದ್ದಕ್ಕೆ ನೀವೆಲ್ಲ ಗಾಬರಿಯಾದಿರಂತೆ. ಗಾಬರಿ ಬೇಡ. ನಿರ್ದೇಶಕರ ತಂಡ ತಲೆ ಬಾಗಿಸಲು ಬರುವುದು ಮೊದಲ ದಿನ ಮಾತ್ರ, ಕೂಗುವವರಿಗೂ ಅವತ್ತೊಂದೇ ಅವಕಾಶ. ಕಾರ್ಖಾನೆಯನ್ನು ಕೊರಿಯರ್ ಗೋದಾಮು ಮಾಡಿದ್ದು ಕೆಲವರಿಗೆ ಸೇರಲಿಲ್ಲ. ನನಗೂ ನಾಲ್ಕನೇ ಅಂಕದ ಪ್ಲಾಸ್ಟಿಕ್ ಗೂಳಿ ಜಾಸ್ತಿಯಾಯಿತು ಅನ್ನಿಸಿತು. ಆದರೆ ಅವರು ಹಿಂದಿನ ಸಾಲಿನ ನಮ್ಮೆಲ್ಲರ ಹೆಸರು ಕಲಿತಿದ್ದರು. ಪಾರ್ಟಿಯಲ್ಲಿ ಮೈಸೂರು ಪಾಕ್ ಮೂರು ತಿಂದರು.

ಹೌದು, ಮೈಸೂರು ಪಾಕ್. ಮೊದಲ ದಿನ ಎಲ್ಲರ ಮೇಜಿನ ಮೇಲೂ ಚಾಕ್ಲೇಟು, ಚೀಟಿ ಇಡುವ ಪದ್ಧತಿ ಇಲ್ಲಿದೆ. ನಾನು ಇಟ್ಟದ್ದು ಅದನ್ನು. ವೇಷ ಹಾಕಿಕೊಂಡು ಯಾರೂ ತಿನ್ನುವಂತಿಲ್ಲ, ತುಪ್ಪದ ಕೈ ರವಿಕೆಗೆ ತಾಗಿದರೆ ಪೋಲಿಷ್ ಅಕ್ಕ ಬಿಡುವುದಿಲ್ಲ. ಹಾಗಾಗಿ ಎಲ್ಲ ಪಾರ್ಟಿಗೆ ಹೋಯಿತು, ಅರ್ಧ ಗಂಟೆಯಲ್ಲಿ ಖಾಲಿ. ಅದನ್ನು ತುಂಬಿದ್ದ ಸ್ಟೀಲ್ ಡಬ್ಬಿ ಮಾತ್ರ ಇನ್ನೂ ಮನೆಗೆ ಬಂದಿಲ್ಲ. ಮುಚ್ಚಳದ ಮೇಲೆ ನಮ್ಮಮ್ಮನ ಹೆಸರು ಕೆತ್ತಿಸಿದೆ. ಬಳಗದಲ್ಲಿ ಯಾರ ಹತ್ತಿರ ಇದ್ದರೂ ಮುಂದಿನ ಪ್ರದರ್ಶನಕ್ಕೆ ಬರುವಾಗ ತಂದುಕೊಡಿ. ಖಾಲಿ ತಂದರೂ ಪರವಾಗಿಲ್ಲ.