8.94ರ ವಿಚಾರವಾಗಿ ಮೇಘಾಳಿಗೆ

ಸಾಗರ
ಜನವರಿ 4

ಪ್ರೀತಿಯ ಮೇಘಾ,

ದೊಡ್ಡಮ್ಮನ ಆಶೀರ್ವಾದ. ಅಮೆರಿಕದ ಯೂನಿವರ್ಸಿಟಿಗಳಿಗೆ ಹಾಕಿದ ಅರ್ಜಿಗಳಲ್ಲಿ ಒಂದರಲ್ಲಿ ಸಿಜಿಪಿಎ, ಅಂದರೆ ಡಿಗ್ರಿಯ ಸರಾಸರಿ ಗ್ರೇಡ್ ಅಂಕ, ತಪ್ಪಾಗಿ ತುಂಬಿಬಿಟ್ಟೆ ಅಂತ ನೀನು ಬರೆದ ಉದ್ದದ ಮೇಲ್ ಓದಿದೆ. ಮನೆ ಸಮಾಚಾರವನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯಾಗಿದೆ, ಅದು ಬೇಡ. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಪ್ಯಾರಾದ ಎರಡು ಸಾಲು. "ದೊಡ್ಡಮ್ಮ, ಬೇಕಂತಲೇ ಸುಳ್ಳು ಬರೆದಿದ್ದಾಳೆ ಅಂತ ಅವರು ತಿಳಿದುಕೊಂಡರೆ? ಅದರ ಬದಲು ಅಪ್ಲಿಕೇಶನ್ನನ್ನೇ ವಾಪಸ್ ತೆಗೆದುಕೊಂಡುಬಿಡ್ಲಾ?" ಅಂತ ಕೇಳಿದ್ದೀಯಲ್ಲ, ಅದು.

ಫೋನಿನಲ್ಲಿ ಹೇಳಿಬಿಡೋಣ ಅಂದುಕೊಂಡೆ. ಆದರೆ ಫೋನಿನಲ್ಲಿ ನೀನು "ಹೂಂ ದೊಡ್ಡಮ್ಮ, ಹೂಂ" ಅಂದು ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಉಳಿದ ತಪ್ಪುಗಳ ಪಟ್ಟಿಯನ್ನೂ ಕಳಿಸಿದ್ದೀಯ. ಸ್ಪೆಲಿಂಗ್ ತಪ್ಪಿನ ಬಗ್ಗೆ ನಾನು ಮಾತೇ ಆಡುವುದಿಲ್ಲ. ಪರ್ಡ್ಯೂ ಯೂನಿವರ್ಸಿಟಿಗೆ ಹೋದ ಎಸ್‌ಒಪಿಯಲ್ಲಿ, ಅಂದರೆ ಯಾಕೆ ಓದಬೇಕು ಅಂತ ಬರೆದ ಪತ್ರದಲ್ಲಿ, ಒಂದು ಕಡೆ ವಿಸ್ಕಾನ್ಸಿನ್ ಯೂನಿವರ್ಸಿಟಿಯ ಹೆಸರು ಉಳಿದುಬಿಟ್ಟದ್ದು ಮುಜುಗರದ್ದೇ. ಓದಿದ ಪ್ರೊಫೆಸರು ಒಬ್ಬರು ಮುಖ ಸಿಂಡರಿಸಬಹುದು, ಇಲ್ಲ ಅನ್ನುವುದಿಲ್ಲ. ಆದರೆ ನೀನು ಬೇರೆ ಕಡೆಗೂ ಹಾಕಿದ್ದೀಯ ಅನ್ನುವುದು ಅವರಿಗೇನು ಹೊಸ ಸುದ್ದಿಯಾ? ಎಲ್ಲರೂ ಐದಾರು ಕಡೆ, ಹತ್ತು ಕಡೆ ಹಾಕುವವರೇ. ಮೊದಲನೆಯದನ್ನು ಬರೆದು, ಹೆಸರು ಬದಲಿಸಿ ಬದಲಿಸಿ ಕಳಿಸುತ್ತಾರೆ. ಒಂದು ಕಡೆ ಬದಲಿಸುವುದು ಮರೆತುಹೋಗುತ್ತದೆ. ಅದು ಅಲ್ಲಿಗೇ ಇರಲಿ.

ಆ ಅಂಕಿಯ ವಿಷಯಕ್ಕೆ ಬರುತ್ತೇನೆ. ಸಿಜಿಪಿಎ 8.49. ನೀನು ತುಂಬಿದ್ದು 8.94. ನಮ್ಮ ಆಫೀಸಿನ ಸೆಕ್ಷನ್ನಿನಲ್ಲಿ ಲೆಕ್ಕ ತಾಳೆಯಾಗದೆ ಇದ್ದಾಗ ಹಿರಿಯರೊಬ್ಬರು ಒಂದು ಉಪಾಯ ಹೇಳಿಕೊಟ್ಟಿದ್ದರು. ಬಂದ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡು. ಶೇಷ ಉಳಿಯದೆ ಹೋದರೆ, ಯಾರೋ ಪಕ್ಕಪಕ್ಕದ ಎರಡು ಅಂಕಿ ಅದಲುಬದಲು ಬರೆದಿರಬಹುದು ಅಂತ ಮೊದಲು ಅಲ್ಲಿ ಹುಡುಕು. ನಿನ್ನದನ್ನೂ ಹಾಗೇ ನೋಡಿದೆ. 894ರಲ್ಲಿ 849 ಕಳೆದರೆ 45. ಒಂಬತ್ತೈದಲಿ ನಲವತ್ತೈದು. ಬೆರಳು ತಪ್ಪಿದ್ದು ಅಂತ ಅಂಕಿಯ ಜೊತೆ ಬದುಕಿದ ಯಾರಿಗಾದರೂ ನೋಡಿದ ಕೂಡಲೇ ಗೊತ್ತಾಗುತ್ತದೆ. ಸುಳ್ಳು ಬರೆಯುವವರು ಇಷ್ಟು ಬೆಪ್ಪಾಗಿ ಬರೆಯುವುದಿಲ್ಲ ಮಗಾ. ಅದೂ ಅಲ್ಲದೆ, ಅದೇ ಅರ್ಜಿಯಲ್ಲಿ ವಿಟಿಯು ಗ್ರೇಡ್ ಕಾರ್ಡುಗಳನ್ನೆಲ್ಲ ನೀನೇ ಸ್ಕ್ಯಾನ್ ಮಾಡಿ ಹಾಕಿದ್ದೀಯ. ಪಕ್ಕದಲ್ಲೇ ಸಾಕ್ಷಿ ಇಟ್ಟು ಕಳ್ಳತನ ಮಾಡುವವರನ್ನು ನಾನಂತೂ ಕಂಡಿಲ್ಲ.

ಆದರೂ ನೀನು ಹೆದರಿದ್ದೇಕೆ ಅಂತ ಗೊತ್ತು. ಕಡಿಮೆಯಾಗಿದ್ದರೆ ಹೆದರುತ್ತಿರಲಿಲ್ಲ. ಅಯ್ಯೋ ಪೆದ್ದಿ ಅಂತ ನಿನ್ನನ್ನು ನೀನೇ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಜಾಸ್ತಿಯಾಗಿದೆ, ಅದೇ ಚುಚ್ಚುತ್ತಿರುವುದು. ಸಬ್‌ಮಿಟ್ ಒತ್ತುವ ಮೊದಲು ಬರುವ ಆ ಘೋಷಣೆಗೆ ಟಿಕ್ ಮಾಡಿದ್ದನ್ನೂ ಬರೆದಿದ್ದೀಯ. ಕೊಟ್ಟ ವಿವರವೆಲ್ಲ ನಿಜ, ಸುಳ್ಳಾದರೆ ಸೀಟು ಕೊಟ್ಟ ಮೇಲೂ ರದ್ದು ಮಾಡಬಹುದು ಅಂತ. ನಮ್ಮ ಅಫಿಡವಿಟ್ಟಿನಲ್ಲೂ ಇಂಥದ್ದೇ ಇರುತ್ತದೆ, "ನನಗೆ ತಿಳಿದ ಮಟ್ಟಿಗೆ ಸತ್ಯ" ಅಂತ. ಟಿಕ್ ಮಾಡಿದ ದಿನ ನಿನಗೆ ತಿಳಿದಿರಲಿಲ್ಲ. ಹಾಗಾಗಿ ಆ ದಿನದ ಲೆಕ್ಕ ಚುಕ್ತಾ.

ಆದರೆ ಈಗ ತಿಳಿದಿದೆ. ಸ್ವಲ್ಪ ಕಟುವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಇವತ್ತಿನವರೆಗೆ ಅದು ಬರೀ ತಪ್ಪು. ಗೊತ್ತಾದ ಮೇಲೂ ಸುಮ್ಮನಿದ್ದು, ಆ ಅಂಕಿ ನೋಡಿಯೇ ಅವರು ನಿನ್ನನ್ನು ಕರೆದುಕೊಂಡರೆ, ಆಮೇಲೆ ಅದಕ್ಕೆ ಏನು ಹೆಸರಿಡುತ್ತೀಯ? ಅಡ್ಮಿಟ್ ಕೊಟ್ಟ ಮೇಲೆ ಒರಿಜಿನಲ್ ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಧಿಕೃತ ಅಂಕಪಟ್ಟಿ, ಕೇಳಿಯೇ ಕೇಳುತ್ತಾರೆ. ಆಗ ಕಣ್ಣಿಗೆ ಬೀಳುವುದಕ್ಕಿಂತ ಈಗ ನೀನೇ ಹೇಳುವುದು ಒಳ್ಳೆಯದು ಅಲ್ವಾ?

ವಾಪಸ್ ತೆಗೆದುಕೊಳ್ಳುವ ಮಾತಂತೂ ಬೇಡವೇ ಬೇಡ. ಆ ಮಾತು ಓದಿದಾಗ ನನಗೆ ಒಬ್ಬ ಹುಡುಗ ನೆನಪಾದ. ನಿನ್ನಮ್ಮನಿಗೂ ಇದನ್ನು ಹೇಳಿಲ್ಲ.

1990ರ ಆಸುಪಾಸು ಇರಬೇಕು. ನಾನು ಆಗ ಸ್ನಾತಕೋತ್ತರ ಪ್ರವೇಶದ ಸೆಕ್ಷನ್ನಿನಲ್ಲಿದ್ದೆ. ಯಾವ ವಿಶ್ವವಿದ್ಯಾಲಯ ಅಂತ ನಿನಗೆ ಗೊತ್ತು, ಹೆಸರು ಬೇಡ. ಅರ್ಜಿಗಳು ಕಂದು ಕವರಿನಲ್ಲಿ ಬರುತ್ತಿದ್ದವು, ಜೊತೆಗೆ ಡಿಡಿ, ಅಟೆಸ್ಟ್ ಮಾಡಿಸಿದ ಅಂಕಪಟ್ಟಿ. ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೆ ಹಾಕಿದ್ದ ಹುಡುಗನೊಬ್ಬ ಕೊನೆಯ ದಿನಾಂಕ ಮುಗಿದ ಮೇಲೆ ಅಪ್ಪನನ್ನು ಕರೆದುಕೊಂಡು ಬಂದ. ಒಟ್ಟು ಅಂಕ ಕೂಡುವಾಗ ಪ್ರಾಕ್ಟಿಕಲ್ ಅಂಕಗಳನ್ನು ಎರಡು ಸಲ ಸೇರಿಸಿಬಿಟ್ಟಿದ್ದನಂತೆ. ಅರ್ಜಿಯ ಕಾರ್ಬನ್ ಕಾಪಿ ಇಟ್ಟುಕೊಂಡಿದ್ದ. ತಪ್ಪಿದ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಸರಿಯಾದ ಮೊತ್ತ ಬರೆದು ತಂದಿದ್ದ.

ಕೌಂಟರಿನಲ್ಲಿದ್ದವರು ತಲೆಯನ್ನೇ ಎತ್ತಲಿಲ್ಲ. "ಕೊನೇ ದಿನ ಮುಗಿದಿದೆ. ಈಗ ಮುಟ್ಟೋ ಹಾಗಿಲ್ಲ, ಹೋಗಿ" ಅಂದರು. ಆ ಅಪ್ಪ ಜಾಲರಿಯ ಹತ್ತಿರ ಬಗ್ಗಿ, "ಕೇಸು ಗೀಸು ಏನಾದ್ರೂ ಹಾಕ್ತೀರಾ ಸಾರ್?" ಅಂತ ಮೆಲ್ಲಗೆ ಕೇಳಿದ. ಇವರು ಅದಕ್ಕೂ ಉತ್ತರ ಕೊಡಲಿಲ್ಲ.

ನಾನು ಪಕ್ಕದ ಟೇಬಲ್ಲಿನಲ್ಲೇ ಇದ್ದೆ. ಅಭ್ಯರ್ಥಿ ಬರೆದ ಮೊತ್ತವನ್ನು ನಾವು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅಂಕಪಟ್ಟಿ ಮುಂದಿಟ್ಟುಕೊಂಡು ಮತ್ತೆ ಮೊದಲಿನಿಂದ ನಾವೇ ಕೂಡುತ್ತಿದ್ದೆವು. ಎಷ್ಟೋ ಅರ್ಜಿಗಳಲ್ಲಿ ಮೊತ್ತ ತಪ್ಪಿರುತ್ತಿತ್ತು. ಕೆಂಪು ಶಾಯಿಯಲ್ಲಿ ಸರಿ ಮಾಡಿ ಮುಂದಿನದಕ್ಕೆ ಹೋಗುತ್ತಿದ್ದೆವು. "ಏನೂ ಆಗಲ್ಲ, ನಾವು ನೋಡ್ಕೋತೀವಿ" ಅಂತ ಒಂದು ಮಾತು ಅವರಿಗೆ ಸಾಕಾಗಿತ್ತು. ನಾನು ಆಡಲಿಲ್ಲ. ಹೊಸ ನೌಕರಿ, ಕೌಂಟರಿನವರು ನನಗಿಂತ ದೊಡ್ಡವರು, ಅದು ನನ್ನ ಟೇಬಲ್ಲಲ್ಲ. ಹೀಗೆ ಏನೇನೋ.

ಮೊದಲ ಪಟ್ಟಿಯಲ್ಲೇ ಹುಡುಗನ ಹೆಸರಿತ್ತು. ಸರಿಯಾದ ಅಂಕಕ್ಕೇ ಸೀಟು ಸಿಕ್ಕಿತ್ತು. ಫೀಸು ಕಟ್ಟುವ ದಿನ ಅವನು ಬರಲಿಲ್ಲ. ಎರಡನೇ ಪಟ್ಟಿಯ ಪ್ರತಿ ತೆಗೆಯಲು ಸ್ಟೆನ್ಸಿಲ್ ಹಾಳೆ ಟೈಪ್ ಮಾಡಿದವಳು ನಾನೇ. ಅವನ ಜಾಗದಲ್ಲಿ ಕಾಯುವ ಪಟ್ಟಿಯ ಇನ್ನೊಂದು ಹೆಸರು ಟೈಪ್ ಮಾಡಿದೆ. ಬೇರೆ ಕಡೆ ಸೇರಿಕೊಂಡನೋ, ಅರ್ಜಿ ರದ್ದಾಗಿದೆ ಅಂತ ತಿಳಿದು ಪಟ್ಟಿ ನೋಡಲೂ ಬರಲಿಲ್ಲವೋ. ಎರಡನೆಯದೇ ಅಂತ ನನ್ನ ಮನಸ್ಸು ಹೇಳುತ್ತದೆ. ಅದಾದ ಮೇಲೆ ನಾನು ಬದಲಾದೆ ಅಂತ ಹೇಳಿದರೆ ಕತೆ ಚೆನ್ನಾಗಿರುತ್ತದೆ. ಆದರೆ ಎಷ್ಟೋ ವರ್ಷ ಹಾಗೇ ಸುಮ್ಮನೇ ಇದ್ದೆ.

ನೋಡು, ಎಲ್ಲಿಂದ ಎಲ್ಲಿಗೋ ಹೋದೆ. ಹೇಳಬೇಕಾದದ್ದು ಇಷ್ಟು. ಅರ್ಜಿ ನೋಡುವವರು ಅವನನ್ನು ಸುಳ್ಳುಗಾರ ಅಂದುಕೊಂಡಿರಲಿಲ್ಲ. ಏನೂ ಅಂದುಕೊಂಡಿರಲಿಲ್ಲ. ಅವರ ಮುಂದೆ ರಾಶಿ ಕವರುಗಳಿದ್ದವು. ಅಷ್ಟೆಲ್ಲ ಅಂದುಕೊಂಡದ್ದು ಅವನೊಬ್ಬನೇ. ಈಗ ನೀನೂ ಅದನ್ನೇ ಮಾಡುತ್ತಿದ್ದೀಯ. ಅವರು ಇನ್ನೂ ಫೈಲೇ ತೆರೆದಿಲ್ಲವೇನೋ, ನೀನು ಇಲ್ಲಿ ಕೂತು ಅವರ ಪರವಾಗಿ ತೀರ್ಪು ಬರೆಯುತ್ತಿದ್ದೀಯ. ವಾಪಸ್ ತೆಗೆದುಕೊಂಡರೆ ಕಟ್ಟಿದ ಫೀಸೂ ಬರುವುದಿಲ್ಲ. ಡಾಲರಿನಲ್ಲಿ ಕಟ್ಟಿದ್ದು, ಅದೂ ನಿನ್ನ ಸಂಬಳದ ದುಡ್ಡು.

ಏನು ಮಾಡಬೇಕು ಅಂತ ಕೇಳಿದ್ದೀಯ. ಅಮೆರಿಕದ ಪದ್ಧತಿ ನನಗಿಂತ ನಿನಗೇ ಚೆನ್ನಾಗಿ ಗೊತ್ತು, ಆದರೂ ಆಫೀಸಿನಲ್ಲಿ ಕೂತ ಹಳೇ ಅಭ್ಯಾಸ, ಹೇಳುತ್ತೇನೆ. ಒಪ್ಪಿಗೆಯಾದರೆ ಮಾಡು. ಹೆಚ್ಚಿನ ಕಡೆ ಒಮ್ಮೆ ಸಬ್‌ಮಿಟ್ ಆದ ಫಾರಂ ತಿದ್ದಲು ಬಿಡುವುದಿಲ್ಲ. ಕೆಲವು ಕಡೆ ಸ್ಟೇಟಸ್ ಪುಟದಲ್ಲಿ ಹೊಸದಾಗಿ ಕಾಗದ ಸೇರಿಸಲು ಜಾಗ ಇರುತ್ತದೆ, ಅದನ್ನು ಮೊದಲು ನೋಡು. ಇಲ್ಲದಿದ್ದರೆ ಡಿಪಾರ್ಟ್‌ಮೆಂಟಿನ ಗ್ರಾಜುಯೇಟ್ ಕೋಆರ್ಡಿನೇಟರ್‌ಗೆ ಒಂದು ಮೇಲ್ ಹಾಕು. ಪ್ರೊಫೆಸರುಗಳಿಗೆಲ್ಲ ಬೇಡ. ಆಫೀಸಿನಲ್ಲಿ ಆ ಕೆಲಸ ಮಾಡುವವರು ಯಾರೋ ಅವರಿಗೇ.

ಹೇಗೆ ಬರೆಯಬೇಕು ಅನ್ನುವುದಕ್ಕೆ ನಮ್ಮ ರಿಜಿಸ್ಟರುಗಳ ಪದ್ಧತಿ ನೆನಪು ಮಾಡಿಕೋ. ತಪ್ಪಾದರೆ ಕೆರೆದು ಅಳಿಸುವಂತಿರಲಿಲ್ಲ, ಅದರ ಮೇಲೇ ದಪ್ಪಗೆ ತಿದ್ದುವಂತಿರಲಿಲ್ಲ. ತಪ್ಪು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ಸಣ್ಣ ಸಹಿ. ಅಷ್ಟೇ. ನೀನು ಬರೆಯುವ ಇ-ಮೇಲ್ ಕೂಡ ಹಾಗಿರಲಿ. ನಿನ್ನ ಹೆಸರು, ಅರ್ಜಿ ನಂಬರ್. ಸಿಜಿಪಿಎ ಕಾಲಂನಲ್ಲಿ ಇಂತಿಷ್ಟು ಅಂತ ತುಂಬಿದ್ದೇನೆ, ಸರಿಯಾದದ್ದು ಇಷ್ಟು, ಹತ್ತಕ್ಕೆ. ಗ್ರೇಡ್ ಕಾರ್ಡು ಅರ್ಜಿಯಲ್ಲೇ ಇದೆ. ತೊಂದರೆಗೆ ಕ್ಷಮೆ ಇರಲಿ. ಮುಗಿಯಿತು. ರಾತ್ರಿ ಎರಡು ಗಂಟೆಗೆ ತುಂಬುತ್ತಿದ್ದೆ, ಆಫೀಸಿನಲ್ಲಿ ರಿಲೀಸ್ ಇತ್ತು, ತಲೆನೋವಿತ್ತು, ಇದೆಲ್ಲ ಬೇಡ. ನೀನು ನನಗೆ ಬರೆದ ಹಾಗೆ ಅವರಿಗೆ ಬರೆದರೆ ನಿಜಕ್ಕೂ ಅನುಮಾನ ಬಂದೀತು.

ಅವರು ಉತ್ತರ ಕೊಡದೆಯೂ ಇರಬಹುದು. ಆಗ ಮತ್ತೆ ಮತ್ತೆ ಬರೆಯಬೇಡ. ನೀನು ಹೇಳಿದ್ದಕ್ಕೆ ದಾಖಲೆ ಇದೆ, ಅದು ಮುಖ್ಯ. ಎಸ್‌ಒಪಿಯದು ಬೇರೆ ಕಡೆಯ ಅರ್ಜಿ ಆದ್ದರಿಂದ ಅಲ್ಲಿಗೆ ಒಂದು ಸಲ ಸರಿಯಾದ ಕಾಪಿ ಕಳಿಸಿ ನೋಡು. ತೆಗೆದುಕೊಳ್ಳದಿದ್ದರೆ ಬಿಡು.

ಇನ್ನೂ ಎರಡು ಕಡೆಯ ಕೊನೆಯ ದಿನಾಂಕ ಬಾಕಿ ಇದೆ ಅಂದೆಯಲ್ಲ, ಅವನ್ನು ಒಬ್ಬಳೇ ಕೂತು ತುಂಬಬೇಡ. ನಾವು ತಾಳೆ ನೋಡುವಾಗ ಯಾವಾಗಲೂ ಇಬ್ಬರು. ಒಬ್ಬರು ಅಂಕಪಟ್ಟಿ ನೋಡಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಫಾರಂ ಮೇಲೆ ಬೆರಳಿಟ್ಟು ಟಿಕ್ ಹಾಕುವುದು. ಬರೆದವರ ಕಣ್ಣಿಗೆ ಅವರ ತಪ್ಪು ಕಾಣುವುದಿಲ್ಲ. ನಿನ್ನ ರೂಮ್‌ಮೇಟ್ ಸಾಕು. ಅವಳಿಗೆ ಪುರುಸೊತ್ತಿಲ್ಲದಿದ್ದರೆ ನನಗೆ ವಿಡಿಯೋ ಕಾಲ್ ಮಾಡು, ನಾನು ಓದುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೆ ಸೀಟು ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳಲಾರೆ. ಸಿಗದಿದ್ದರೆ ಯಾಕೆ ಅಂತ ಅವರು ಸಾಮಾನ್ಯವಾಗಿ ಹೇಳುವುದೂ ಇಲ್ಲ. ಬಂದವರು ಸಾವಿರಾರು, ಜಾಗ ಕೆಲವೇ, ನಿನ್ನ ವಿಷಯದ ಪ್ರೊಫೆಸರ್ ಹತ್ತಿರ ಈ ವರ್ಷ ದುಡ್ಡಿಲ್ಲ, ಕಾರಣ ನೂರಿರಬಹುದು. ನೀನು ಮಾತ್ರ ಎಲ್ಲವನ್ನೂ 8.94ರ ತಲೆಗೆ ಕಟ್ಟುತ್ತೀಯ. ಇನ್ನು ಇಪ್ಪತ್ತು ವರ್ಷ ಆದಮೇಲೂ ಕಟ್ಟುತ್ತಿರುತ್ತೀಯ, ನನಗೆ ಗೊತ್ತು. ಮೇಲ್ ಹಾಕು ಅನ್ನುವುದಕ್ಕೆ ಇದೂ ಒಂದು ಕಾರಣ. ಅವರಿಗೆ ಹೇಳಿಯಾಗಿದೆ ಅಂತ ನಿನಗಾದರೂ ಗೊತ್ತಿರಲಿ. ಸ್ಕಾಲರ್‌ಶಿಪ್ ಇರುವ ಆಫರ್‌ಗಳಿಗೆ ಉತ್ತರ ಕೊಡಲು ಬಹಳಷ್ಟು ಕಡೆ ಏಪ್ರಿಲ್ 15ರವರೆಗೆ ಸಮಯ ಇರುತ್ತದಂತೆ. ಅಲ್ಲಿಯವರೆಗೆ ಕಾಯುವುದೇ. ಸ್ಟೇಟಸ್ ಪುಟ ನೋಡುವುದನ್ನು ನಿಲ್ಲಿಸಬೇಡ, ಹೆದರಿಕೊಂಡು ಸ್ಪ್ಯಾಮ್ ಫೋಲ್ಡರ್ ನೋಡದೆ ಇರಬೇಡ.

ಸುಳ್ಳು ಹೇಳೋಳು ಅಂತ ಯಾರಾದರೂ ಅಂದುಕೊಂಡರೆ ಅಂತ ಮತ್ತೆ ಕೇಳಬೇಡ. ಕೇಳುತ್ತೀಯ ಅಂತಲೂ ಗೊತ್ತು. ಕೇಳು, ಪರವಾಗಿಲ್ಲ. ಆದರೆ ನನ್ನನ್ನು ಕೇಳು, ರಾತ್ರಿಯೆಲ್ಲ ಮೊಬೈಲಿನಲ್ಲಿ ಗುರುತಿಲ್ಲದವರನ್ನು ಕೇಳಬೇಡ.

ಮೇಲ್ ಬರೆದ ಮೇಲೆ ಕಳಿಸುವ ಮೊದಲು ಒಂದು ಸಲ ನೋಡಿಕೋ. ತಪ್ಪಾದದ್ದು 8.94, ಸರಿಯಾದದ್ದು 8.49. ಅಲ್ಲೂ ಅದಲುಬದಲು ಮಾಡಿಟ್ಟೀಯ ಮತ್ತೆ.

ನಿನ್ನ
ದೊಡ್ಡಮ್ಮ