ಟ್ರೆಕ್ ಸ್ಪರ್ಧೆಗೆ ಹೆಸರು ಕೊಡುವ ಮುಂಚೆ

ಎಲ್ಲರಿಗೂ ನಮಸ್ಕಾರ. ಟ್ರೆಕ್ (TREC) ಅಂದರೆ ಕುದುರೆ ಮೇಲೆ ನಕ್ಷೆ ನೋಡಿ ದಾರಿ ಹುಡುಕುವ, ಅಡೆತಡೆ ದಾಟುವ ಸ್ಪರ್ಧೆ. ಬ್ರಿಟನ್‌ನಲ್ಲಿ ಇದಕ್ಕೆ ಹೊಸದಾಗಿ ಸೇರುವವರು ದಯವಿಟ್ಟು ಮೊದಲ ಹಂತದಿಂದಲೇ ಶುರು ಮಾಡಿ. ಅಲ್ಲಿ ಜೋಡಿಯಾಗಿ ಹೋಗಬಹುದು. ಹಂತ ಏರಿದಂತೆ ದಾರಿ ಉದ್ದವಾಗುತ್ತದೆ, ನಕ್ಷೆಯೂ ತಲೆ ತಿನ್ನುತ್ತದೆ.

ಪೂರ್ತಿ ಸ್ಪರ್ಧೆಯ 460 ಅಂಕಗಳಲ್ಲಿ 240 ದಾರಿ ಹುಡುಕುವುದಕ್ಕೇ ಇದೆ! ಅಡೆತಡೆಗಳಿಗೆ 160. ಉಳಿದ 60 ಕುದುರೆಯ ವೇಗದ ಹಿಡಿತಕ್ಕೆ: ಕ್ಯಾಂಟರ್ (ಕುದುರೆಯ ಹಗುರ ಓಟ) ಆದಷ್ಟು ನಿಧಾನ, ನಡಿಗೆ ಆದಷ್ಟು ಬಿರುಸು. ಉಲ್ಟಾ ಅಲ್ವಾ? ಹಾಗಾಗಿ ಚೆನ್ನಾಗಿ ಜಿಗಿಯುವ ಕುದುರೆ ಇದ್ದರೆ ಸಾಕು ಅಂದುಕೊಳ್ಳಬೇಡಿ. ದಾರಿ ಹುಡುಕುವಾಗ ಚೆಕ್‌ಪಾಯಿಂಟ್ ಎಲ್ಲಿದೆ ಅಂತ ಮೊದಲೇ ಹೇಳುವುದಿಲ್ಲ. ಹೇಳಿದ ವೇಗಕ್ಕಿಂತ ಬೇಗ ಬಂದರೂ ಅಂಕ ಹೋಗುತ್ತದೆ. ನಾನೇ ಸುಮ್ನೆ ಓಡಿಸಿ ಕಳೆದುಕೊಂಡಿದ್ದೇನೆ.

ಭಾನುವಾರ ನಕ್ಷೆ ಓದುವ ಅಭ್ಯಾಸ ಇದೆ. ದಿಕ್ಸೂಚಿ, ಕೆಂಪು ಪೆನ್ನು ಮರೆಯದೆ ತನ್ನಿ. ಬರುವವರು ಇಲ್ಲೇ ತಿಳಿಸಿ.