ಮುಂದೆ ಸುಳ್ಳಾಗುವ ನಿಯಮ ಹೇಳಬೇಡ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಪ್ರೈಮರಿ ಲೆಕ್ಕ ತಾನೇ, ಅದಕ್ಕೇನು ಓದೋದು ಅಂತ ಬರೆದಿದ್ದೀಯ. ಲೆಕ್ಕ ಮಾಡೋಕೆ ನಿನಗೆ ಬರುತ್ತದೆ, ನಿಜ. ಆದರೆ ಚಿಕ್ಕ ಮಕ್ಕಳಿಗೆ ಪಾಠ ಮಾಡುವವರಿಗೆ ಹೊಣೆ ಒಂದು ತೂಕ ಜಾಸ್ತಿ. ಮೂರನೇ ತರಗತಿಯಲ್ಲಿ ನೀನು ಹೇಳಿದ್ದು ಆರನೇ ತರಗತಿಯಲ್ಲಿ ಸುಳ್ಳಾಗಬಾರದು.

"ಚಿಕ್ಕದರಿಂದ ದೊಡ್ಡದನ್ನು ಕಳೆಯೋಕೆ ಆಗಲ್ಲ" ಅನ್ನುವ ಮಾತನ್ನೇ ತಗೋ. ಮಗು ಇದನ್ನು ನಂಬುತ್ತದೆ. 52ರಿಂದ 27 ಕಳೆಯುವಾಗ 2ರಲ್ಲಿ 7 ಹೋಗಲ್ಲ, ಹಾಗಾದರೆ 7ರಲ್ಲಿ 2 ಕಳೆಯೋಣ ಅಂತ 35 ಬರೆಯುತ್ತದೆ. ಇದಕ್ಕೆ ಬೈದು ಪ್ರಯೋಜನವಿಲ್ಲ. ಹತ್ತತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೈಗೆ ಕೊಡು. ಒಂದು ಕಟ್ಟು ಬಿಚ್ಚಿದರೆ ಬಿಡಿ 12 ಆಗುತ್ತದೆ, ಕಟ್ಟು ನಾಲ್ಕು ಉಳಿಯುತ್ತದೆ. 52 ಮಾತ್ರ 52 ಆಗಿಯೇ ಇದೆ. ಅದನ್ನು ಮಗು ಕಣ್ಣಾರೆ ನೋಡಲಿ. "ಪಕ್ಕದ ಮನೆಯಿಂದ ಸಾಲ ತಗೋ" ಅನ್ನುವುದು ಆಮೇಲೆ.

ಸ್ಥಾನಬೆಲೆ ಗಟ್ಟಿಯಾಗದೆ ಮುಂದೆ ಹೋಗಲೇಬೇಡ. ಮುನ್ನೂರ ಐದು ಬರಿ ಅಂದರೆ ಕೆಲವು ಮಕ್ಕಳು 3005 ಬರೆಯುತ್ತಾರೆ. ಕೇಳಿದಂತೆಯೇ ಬರೆದಿರುತ್ತಾರೆ, ಮೊದಲು 300, ಪಕ್ಕದಲ್ಲಿ 5. 305ರ ನಡುವಿನ ಸೊನ್ನೆ ನೂರಕ್ಕೆ ಸೇರದೆ ಉಳಿದ ಹತ್ತರ ಕಟ್ಟು ಒಂದೂ ಇಲ್ಲ ಎಂದು ಹೇಳುತ್ತಿದೆ ಅನ್ನುವುದು ಅವರಿಗೆ ಇನ್ನೂ ಹೊಳೆದಿರುವುದಿಲ್ಲ. 10ರಿಂದ ಗುಣಿಸಿದರೆ ಕೊನೆಗೆ ಸೊನ್ನೆ ಹಾಕು ಅಂತಲೂ ಕಲಿಸಬೇಡ. 2.5ಕ್ಕೆ ಸೊನ್ನೆ ಹಾಕಿದರೆ 2.50, ಬೆಲೆ ಎಲ್ಲಿ ಹೆಚ್ಚಿತು? ಪ್ರತಿ ಅಂಕಿ ಒಂದು ಸ್ಥಾನ ಎಡಕ್ಕೆ ಹೋಗುತ್ತದೆ ಅಂದರೆ 25ಕ್ಕೂ ಸರಿ, 2.5ಕ್ಕೂ ಸರಿ. 0.4ಕ್ಕಿಂತ 0.35 ದೊಡ್ಡದು ಅನ್ನುವ ಮಗುವಿಗೂ ಮದ್ದು ಇದೇ. ನಾಲ್ಕು ಹತ್ತನೇ ಭಾಗ ಒಂದು ಕಡೆ, ಮೂರೂವರೆ ಹತ್ತನೇ ಭಾಗ ಇನ್ನೊಂದು ಕಡೆ.

ಸಂಖ್ಯೆಗಳಲ್ಲಿ ಸ್ವಾಭಾವಿಕ, ಪೂರ್ಣ, ಪೂರ್ಣಾಂಕ, ಭಾಗಲಬ್ಧ ಎಂಬ ಬಗೆಗಳಿವೆ ಎಂದು ಸುಮ್ನೆ ಉರು ಹೊಡೆದಿರಬಹುದು ನೀನು. ಪರೀಕ್ಷೆಗೆ ಅದು ಸಾಕು. ಪಾಠಕ್ಕೆ ಬೇಕಾದ್ದು, ಹಿಂದಿನ ಸಂಖ್ಯೆಗಳು ಎಲ್ಲಿ ಸಾಲದೇ ಹೋದವು ಅನ್ನುವುದು. ಎಣಿಸೋಕೆ 1, 2, 3 ಸಾಕು. 5ರಿಂದ 5 ಕಳೆದರೆ ಸೊನ್ನೆ ಬೇಕಾಯಿತು. 3ರಿಂದ 5 ಕಳೆದರೆ −2 ಬೇಕಾಯಿತು. 3ನ್ನು 5ರಿಂದ ಭಾಗಿಸಿದರೆ ಭಿನ್ನರಾಶಿ. ಬದಿ 1 ಇರುವ ಚೌಕದ ಕರ್ಣ ಅಳೆಯೋಕೆ ಹೋದರೆ ಭಿನ್ನರಾಶಿಯೂ ಸಾಲದು, ಅದು √2. ಇದನ್ನು ಮಕ್ಕಳಿಗೆ ಹೇಳಬೇಕಾಗಿಲ್ಲ, ನಿನಗೆ ಗೊತ್ತಿರಲಿ.

ಸೊನ್ನೆಯಿಂದ ಭಾಗಿಸಬಾರದು ಯಾಕೆ ಅಂತ ಒಬ್ಬರಾದರೂ ಕೇಳೇ ಕೇಳುತ್ತಾರೆ. "ನಿಯಮ" ಅಂದು ಬಾಯಿ ಮುಚ್ಚಿಸಬೇಡ. 6 ÷ 2 = 3, ಯಾಕೆಂದರೆ 3 × 2 = 6. ಹಾಗಾದರೆ 6 ÷ 0? ಯಾವುದನ್ನು ಸೊನ್ನೆಯಿಂದ ಗುಣಿಸಿದರೆ 6 ಬರುತ್ತದೆ? ಯಾವುದೂ ಇಲ್ಲ. 0 ÷ 0 ಕೇಳಿದರೆ ತೊಂದರೆ ಉಲ್ಟಾ, ಯಾವ ಸಂಖ್ಯೆ ಹೇಳಿದರೂ ಹೊಂದುತ್ತದೆ. ಕ್ರಿ.ಶ. 628ರಲ್ಲೇ ಸೊನ್ನೆಗೂ ಋಣ ಸಂಖ್ಯೆಗಳಿಗೂ ಲೆಕ್ಕದ ನಿಯಮ ಬರೆದಿಟ್ಟ ಗಣಿತಜ್ಞ ಬ್ರಹ್ಮಗುಪ್ತನೇ 0 ÷ 0 = 0 ಅಂದುಬಿಟ್ಟಿದ್ದ! ಪ್ರಶ್ನೆ ಕೇಳಿದ ಮಗು ದಡ್ಡ ಅಲ್ಲ, ಅಲ್ವಾ?

ಸೊನ್ನೆ ಸಮಸಂಖ್ಯೆ, ಅದರಲ್ಲಿ ಅನುಮಾನ ಬೇಡ. 1 ಅವಿಭಾಜ್ಯವೂ ಅಲ್ಲ, ಸಂಯುಕ್ತವೂ ಅಲ್ಲ. 1ನ್ನು ಅವಿಭಾಜ್ಯ ಅಂದುಕೊಂಡರೆ 6ನ್ನು 2 × 3 ಅಂತಲೂ, 1 × 2 × 3 ಅಂತಲೂ, 1 × 1 × 2 × 3 ಅಂತಲೂ ಬರೆಯುತ್ತಾ ಹೋಗಬಹುದು. ಒಂದು ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯುವ ದಾರಿ ಒಂದೇ ಅನ್ನುವ ಮಾತು ಕೆಡುತ್ತದೆ.

ಕಳೆಯುವ ಲೆಕ್ಕದ ಪಾಠಯೋಜನೆ ಬರೆದು ಕಳಿಸು. ಕಟ್ಟು ಬಿಚ್ಚುವುದನ್ನು ಎಲ್ಲಿ ಇಟ್ಟಿದ್ದೀಯ ಅಂತ ನೋಡುತ್ತೇನೆ.

ಇತಿ,
ನಿನ್ನ ಅತ್ತೆ